ಗಡಿಯಾರಕ್ಕೆ ಕಟ್ಟಿದ ಎಂಜಿನ್

ತಣ್ಣಗಿನ ಪ್ರಯೋಗಾಲಯದ ಕೋಣೆ. ಮೇಜಿನ ಮೇಲೊಂದು ಲೋಹದ ಪೆಟ್ಟಿಗೆ. ಅದರ ಮೈಯಿಂದ ಹೊರಟ ದಪ್ಪನೆಯ ವೈರುಗಳ ಕಟ್ಟು ಪಕ್ಕದ ಕಂಪ್ಯೂಟರಿನೊಳಗೆ ಹೋಗಿದೆ. ಎಂಜಿನಿಯರ್ ಒಬ್ಬರು ಚಿಕ್ಕದೊಂದು ಲಿವರನ್ನು ಮುಂದಕ್ಕೆ ತಳ್ಳುತ್ತಾರೆ. ಪೆಟ್ಟಿಗೆ ಪಡೆಯುತ್ತಿರುವ ಮಾಹಿತಿಯ ಪ್ರಕಾರ ಅದೀಗ 35,000 ಅಡಿ ಎತ್ತರದಲ್ಲಿ ಹಾರುತ್ತಿದೆ, ಹೊರಗೆ ಮೈನಸ್ 54 ಡಿಗ್ರಿ ಚಳಿ ಇದೆ, ಪೈಲಟ್ ಈಗಷ್ಟೇ ಹೆಚ್ಚು ಶಕ್ತಿ ಕೇಳಿದ್ದಾನೆ. ಇಂಧನ ಹೆಚ್ಚಿಸು ಎಂದು ಅದು ಆಜ್ಞೆ ಕೊಡುತ್ತದೆ.

ಆ ಆಜ್ಞೆ ಹೋಗುವುದು ಇಂಧನದ ಪಂಪಿಗಲ್ಲ, ಪಕ್ಕದ ಕಂಪ್ಯೂಟರಿಗೆ. ಇಷ್ಟು ಇಂಧನ ಉರಿದರೆ ಎಂಜಿನ್ನಿನ ವೇಗ ಎಷ್ಟಾಗುತ್ತದೆ, ತಾಪ ಎಷ್ಟು, ಒತ್ತಡ ಎಷ್ಟು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಉತ್ತರವನ್ನು ನಿಜವಾದ ಸೆನ್ಸರ್ ಕೊಡುವಂಥದೇ ವಿದ್ಯುತ್ ಸಂಕೇತವಾಗಿ ಪೆಟ್ಟಿಗೆಗೆ ಹಿಂತಿರುಗಿಸುತ್ತದೆ. ಸೆಕೆಂಡಿಗೆ ಹತ್ತಾರು ಸಲ ಈ ಕೊಡುಕೊಳ್ಳುವಿಕೆ ನಡೆಯುತ್ತದೆ. ಕೋಣೆಯಲ್ಲಿ ಎಂಜಿನ್ ಇಲ್ಲ, ಅದರ ಕಿವಿಗಡಚಿಕ್ಕುವ ಸದ್ದೂ ಇಲ್ಲ.

ಪೆಟ್ಟಿಗೆಯ ಹೆಸರು ಫೇಡೆಕ್. ಇಂದಿನ ಜೆಟ್ ಎಂಜಿನ್ನುಗಳ ಪೂರ್ಣಾಧಿಕಾರದ ಡಿಜಿಟಲ್ ನಿಯಂತ್ರಕ ಅದು. ಪೈಲಟ್‌ನ ಕೈಯಲ್ಲಿರುವ ಥ್ರಾಟಲ್ ಈಗ ಒಂದು ಕೋರಿಕೆ ಮಾತ್ರ. ಎಷ್ಟು ಇಂಧನ, ಯಾವ ವೇಗದಲ್ಲಿ ಎಂಬುದನ್ನು ತೀರ್ಮಾನಿಸುವುದು ಫೇಡೆಕ್. ನಾಗರಿಕ ವಿಮಾನಗಳಿಗೆ ಇದು ಮೊದಲು ಬಂದದ್ದು 1984ರಲ್ಲಿ, ಬೋಯಿಂಗ್ 757ರ ಪ್ರಾಟ್ ಆಂಡ್ ವಿಟ್ನಿ ಎಂಜಿನ್ನಿನೊಂದಿಗೆ. ಇಂಥ ಅಧಿಕಾರವಿರುವ ಪೆಟ್ಟಿಗೆಯನ್ನು ಮೊದಲ ಸಲವೇ ನಿಜವಾದ ಎಂಜಿನ್ನಿಗೆ ಜೋಡಿಸಿ ನೋಡುವುದು ಅಪಾಯ. ಅದಕ್ಕೇ ಎಂಜಿನ್ನಿನಂತೆ, ಎಂಜಿನ್ನಿನ ವೇಗದಲ್ಲಿಯೇ ಉತ್ತರಿಸುವ ಕಂಪ್ಯೂಟರ್ ಮಾದರಿ ಬೇಕಾಯಿತು.

ಲಿವರ್ ತಳ್ಳಿದ ಮೇಲಿನ ಐದು ಸೆಕೆಂಡು

ಗ್ಯಾಸ್ ಟರ್ಬೈನ್ ಒಳಗೆ ನಡೆಯುವ ಕೆಲಸ ಹೇಳಲು ಸುಲಭ. ಮುಂದಿನ ಕಂಪ್ರೆಸರ್ ಗಾಳಿಯನ್ನು ಒಳಗೆಳೆದು ಒತ್ತುತ್ತದೆ. ನಡುವಿನ ದಹನಕೋಶದಲ್ಲಿ ಇಂಧನ ಉರಿಯುತ್ತದೆ. ಬಿಸಿ ಅನಿಲ ಹಿಂದಿನ ಟರ್ಬೈನಿನ ಅಲಗುಗಳನ್ನು ತಿರುಗಿಸುತ್ತ ಹೊರಬೀಳುತ್ತದೆ. ಟರ್ಬೈನ್ ಮತ್ತು ಕಂಪ್ರೆಸರ್ ಒಂದೇ ದಂಡದ ಎರಡು ತುದಿಯಲ್ಲಿರುವುದರಿಂದ ಹಿಂದಿನದು ತಿರುಗಿದರೆ ಮುಂದಿನದೂ ತಿರುಗುತ್ತದೆ. ಇಂಗ್ಲೆಂಡಿನ ಫ್ರ್ಯಾಂಕ್ ವಿಟ್ಲ್ 1937ರಲ್ಲಿ ಓಡಿಸಿದ ಮೊದಲ ಎಂಜಿನ್ನಿನಿಂದ ಇಂದಿನವರೆಗೆ ಮೂಲ ಏರ್ಪಾಡು ಇದೇ.

ಕಷ್ಟವಿರುವುದು ಬದಲಾವಣೆಯ ಹೊತ್ತಿನಲ್ಲಿ. ಹಿಟ್ಟಿನ ಗಿರಣಿಯ ಸ್ವಿಚ್ ಒತ್ತಿದೊಡನೆ ಕಲ್ಲು ಪೂರ್ತಿ ವೇಗಕ್ಕೆ ಬರುವುದಿಲ್ಲ. ಎಂಜಿನ್ನಿನೊಳಗಿನ ಭಾರದ ಚಕ್ರಗಳೂ ಹಾಗೆಯೇ ನಿಧಾನವಾಗಿ ವೇಗ ಏರಿಸಿಕೊಳ್ಳುತ್ತವೆ. ಆದರೆ ಇಂಧನಕ್ಕೆ ಆ ನಿಧಾನ ಇಲ್ಲ. ಸುರಿದ ಕ್ಷಣದಲ್ಲೇ ಅದು ಉರಿದು ಅನಿಲದ ತಾಪವನ್ನು ಏರಿಸುತ್ತದೆ, ದಹನಕೋಶದ ಒತ್ತಡ ಹೆಚ್ಚುತ್ತದೆ. ಕಂಪ್ರೆಸರ್ ಇನ್ನೂ ಹಳೆಯ ವೇಗದಲ್ಲಿ ತಿರುಗುತ್ತಿರುವಾಗಲೇ ಅದರ ಹಿಂದಿನ ಒತ್ತಡ ಏರಿಬಿಡುತ್ತದೆ. ಒಂದು ಮಿತಿ ದಾಟಿದರೆ ಕಂಪ್ರೆಸರ್ ಆ ಒತ್ತಡವನ್ನು ತಡೆದುಕೊಳ್ಳಲಾರದೆ ಗಾಳಿ ತಿರುಗಿ ಮುಂದಕ್ಕೆ ನುಗ್ಗುತ್ತದೆ. ಇದೇ ಸರ್ಜ್. ಗುಂಡು ಹೊಡೆದಂಥ ಸದ್ದು, ಕೆಲವೊಮ್ಮೆ ಎಂಜಿನ್ನಿನ ಬಾಯಿಂದಲೇ ಬೆಂಕಿ, ಅಲಗುಗಳಿಗೆ ಪೆಟ್ಟು.

ಹಾಗೆಂದು ಇಂಧನವನ್ನು ಹನಿಹನಿಯಾಗಿ ಕೊಡುತ್ತ ಕೂರುವಂತಿಲ್ಲ. ಇಳಿಯುವ ವಿಮಾನ ಮತ್ತೆ ಮೇಲೇಳಬೇಕಾಗಿ ಬಂದರೆ ಶಕ್ತಿ ತಕ್ಷಣ ಬೇಕು. ಅಮೆರಿಕದ ಎಂಜಿನ್ ಪ್ರಮಾಣೀಕರಣದ ನಿಯಮ ಇಲ್ಲಿ ಗಡುವು ಹಾಕಿದೆ: ಹಾರಾಟದಲ್ಲಿ ಎಂಜಿನ್ನಿಗೆ ನಿಗದಿಯಾದ ಕನಿಷ್ಠ ಶಕ್ತಿಯ ಸ್ಥಾನದಿಂದ ಥ್ರಾಟಲ್ ತಳ್ಳಿದರೆ 5 ಸೆಕೆಂಡಿನೊಳಗೆ ಎಂಜಿನ್ ತನ್ನ ಟೇಕಾಫ್ ಶಕ್ತಿಯ ಶೇಕಡ 95ನ್ನು ಮುಟ್ಟಬೇಕು. ಒಂದು ಕಡೆ ಸರ್ಜ್, ಇನ್ನೊಂದು ಕಡೆ ಕರಗಿಹೋಗಬಹುದಾದ ಟರ್ಬೈನ್ ಅಲಗು, ಮೇಲೆ ಈ 5 ಸೆಕೆಂಡಿನ ಗಡುವು. ಫೇಡೆಕ್ ನಡೆಯಬೇಕಾದ ದಾರಿ ಇಷ್ಟು ಇಕ್ಕಟ್ಟಿನದು. ಆ ದಾರಿಯಲ್ಲಿ ಅದನ್ನು ಮೊದಲು ಮೇಜಿನ ಮೇಲೆ ನಡೆಸಿ ನೋಡುತ್ತಾರೆ.

ತಡವಾದರೆ ಸರಿಯುತ್ತರವೂ ತಪ್ಪು

'ನೈಜ ಸಮಯ' ಎಂದರೆ ಬಹಳ ವೇಗ ಎಂದು ಅನೇಕರು ತಿಳಿಯುತ್ತಾರೆ. ಅದು ಅಷ್ಟು ಸರಿಯಲ್ಲ. ನೈಜ ಸಮಯ ಎಂದರೆ ಗಡುವು ತಪ್ಪದಿರುವುದು. ಮಾದರಿಗೆ ಪ್ರತಿ ಸುತ್ತಿಗೂ 20 ಮಿಲಿಸೆಕೆಂಡು ಕೊಟ್ಟಿದ್ದರೆ, ಅಷ್ಟರಲ್ಲಿ ಉತ್ತರ ಪೆಟ್ಟಿಗೆಯ ಬಾಗಿಲಲ್ಲಿರಬೇಕು. ಸಾವಿರ ಸಲ 5 ಮಿಲಿಸೆಕೆಂಡಿನಲ್ಲೇ ಮುಗಿಸಿ ಒಂದು ಸಲ 30 ತೆಗೆದುಕೊಂಡರೂ ಆ ಮಾದರಿ ಕೆಲಸಕ್ಕೆ ಬಾರದು. ಏಕೆಂದರೆ ಪೆಟ್ಟಿಗೆ ಕಾಯುವುದಿಲ್ಲ. ಹಳೆಯ ಸಂಖ್ಯೆಯನ್ನೇ ಎಂಜಿನ್ನಿನ ಈಗಿನ ಸ್ಥಿತಿ ಎಂದು ನಂಬಿ ಮುಂದಿನ ಆಜ್ಞೆ ಕೊಟ್ಟುಬಿಡುತ್ತದೆ.

ಆ ಒಂದು ಸುತ್ತಿನೊಳಗೆ ಏನಾಗುತ್ತದೆ ನೋಡೋಣ. ಮಾದರಿ ಮೊದಲು ಎತ್ತರ, ವಿಮಾನದ ವೇಗ, ಹೊರಗಿನ ತಾಪ ಓದಿಕೊಂಡು ಎಂಜಿನ್ನಿನ ಬಾಯಿಗೆ ಬರುವ ಗಾಳಿಯ ಒತ್ತಡ ಮತ್ತು ತಾಪ ಕಂಡುಕೊಳ್ಳುತ್ತದೆ. ಆಮೇಲೆ ಕಂಪ್ರೆಸರಿನ 'ಮ್ಯಾಪ್' ತೆರೆಯುತ್ತದೆ. ಈ ಕ್ಷೇತ್ರದವರೆಲ್ಲ ಮ್ಯಾಪ್ ಎಂದೇ ಕರೆಯುವ ಇದು ಪರೀಕ್ಷೆಯಲ್ಲಿ ಅಳೆದು ಬರೆದ ಕೋಷ್ಟಕ: ಈ ವೇಗದಲ್ಲಿ, ಈ ಒತ್ತಡದ ಅನುಪಾತದಲ್ಲಿ ಎಷ್ಟು ಗಾಳಿ ಹರಿಯುತ್ತದೆ, ಎಷ್ಟು ದಕ್ಷತೆಯಿಂದ, ಸರ್ಜ್ ಗೆರೆ ಎಷ್ಟು ದೂರದಲ್ಲಿದೆ. ಅಲ್ಲಿಂದ ದಹನಕೋಶ: ಇಷ್ಟು ಗಾಳಿಗೆ ಇಷ್ಟು ಇಂಧನ ಉರಿದರೆ ಇಷ್ಟು ತಾಪ. ಅಲ್ಲಿಂದ ಟರ್ಬೈನಿನ ಮ್ಯಾಪ್. ಕೊನೆಗೆ ಮುಖ್ಯವಾದ ಕಳೆಯುವ ಲೆಕ್ಕ. ಟರ್ಬೈನ್ ಕೊಟ್ಟ ಶಕ್ತಿಯಿಂದ ಕಂಪ್ರೆಸರ್ ತಿಂದ ಶಕ್ತಿಯನ್ನು ಕಳೆದರೆ ಉಳಿಯುವುದೇ ದಂಡವನ್ನು ವೇಗಗೊಳಿಸುವ ಶಕ್ತಿ. ಚಕ್ರಗಳ ಜಡತ್ವ ಗೊತ್ತಿದ್ದರೆ ಮುಂದಿನ 20 ಮಿಲಿಸೆಕೆಂಡಿನಲ್ಲಿ ವೇಗ ಎಷ್ಟು ಏರುತ್ತದೆ ಎಂಬುದು ಸಿಗುತ್ತದೆ. ಸುತ್ತು ಮುಗಿಯಿತು, ಮತ್ತೆ ಮೊದಲಿಂದ.

ತೊಡಕು ಎಲ್ಲಿದೆ ಎಂದರೆ, ಕಂಪ್ರೆಸರ್ ಕಳಿಸಿದ ಗಾಳಿಯೂ ಟರ್ಬೈನ್ ಒಪ್ಪಿಕೊಳ್ಳುವ ಗಾಳಿಯೂ ತಾಳೆಯಾಗಬೇಕು. ಮೊದಲ ಊಹೆಯಲ್ಲಿ ಅದು ತಾಳೆಯಾಗುವುದಿಲ್ಲ. ಊಹೆ ತಿದ್ದಿ ಮತ್ತೆ ಲೆಕ್ಕ ಹಾಕಬೇಕು, ಮತ್ತೆ ತಿದ್ದಬೇಕು. ಎಷ್ಟು ಸಲ ತಿದ್ದಿದರೆ ಸಾಕು ಎಂದು ಮೊದಲೇ ಹೇಳಲಾಗದು, ಗಡಿಯಾರದ ಮಟ್ಟಿಗೆ ಇದೇ ಅಪಾಯ. ಇನ್ನೊಂದು ದಾರಿಯಿದೆ. ಭಾಗಗಳ ನಡುವೆ ಗಾಳಿ ತುಂಬಿಕೊಳ್ಳುವ ಪುಟ್ಟ ಕೋಶಗಳಿವೆ ಎಂದಿಟ್ಟುಕೊಳ್ಳುವುದು. ಹೆಚ್ಚು ಗಾಳಿ ಬಂದರೆ ಅಲ್ಲಿ ಒತ್ತಡ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಆಗ ಊಹೆ ತಿದ್ದುವ ಗೋಜೇ ಬೇಡ. ಆದರೆ ಈ ಕೋಶಗಳು ತುಂಬಿ ಬರಿದಾಗುವುದು ಕೆಲವೇ ಮಿಲಿಸೆಕೆಂಡುಗಳಲ್ಲಿ. ಅವುಗಳನ್ನು ಹಿಡಿಯಬೇಕಾದರೆ ಹೆಜ್ಜೆಯನ್ನು ಬಹಳ ಚಿಕ್ಕದು ಮಾಡಬೇಕು. ಹೆಜ್ಜೆ ದೊಡ್ಡದಾದರೆ ಲೆಕ್ಕವೇ ಹುಚ್ಚೆದ್ದು ಸಂಖ್ಯೆಗಳು ಎಲ್ಲೆಲ್ಲೋ ಹೋಗುತ್ತವೆ.

ಒಂದೇ ಎಂಜಿನ್ನಿನಲ್ಲಿ ಹೀಗೆ ಬೇರೆ ಬೇರೆ ವೇಗದ ಘಟನೆಗಳು ಒಟ್ಟಿಗೆ ನಡೆಯುತ್ತವೆ. ಒತ್ತಡ ಬದಲಾಗುವುದು ಮಿಲಿಸೆಕೆಂಡುಗಳಲ್ಲಿ, ಚಕ್ರದ ವೇಗ ಬದಲಾಗುವುದು ಸೆಕೆಂಡುಗಳಲ್ಲಿ, ಲೋಹ ಬಿಸಿಯಾಗುವುದು ಅದಕ್ಕಿಂತಲೂ ನಿಧಾನವಾಗಿ. ಈ ಮೂರನೆಯದನ್ನು ಹೊಸಬರು ಮರೆತುಬಿಡುತ್ತಾರೆ. ತಣ್ಣಗಿದ್ದ ಎಂಜಿನ್ನನ್ನು ಒಮ್ಮೆಲೇ ಪೂರ್ಣ ಶಕ್ತಿಗೆ ಏರಿಸಿದರೆ ಉರಿದ ಶಾಖದ ಒಂದು ಪಾಲನ್ನು ಲೋಹವೇ ಹೀರಿಕೊಳ್ಳುತ್ತದೆ. ಅಲಗಿನ ತುದಿಗೂ ಸುತ್ತಲಿನ ಕವಚಕ್ಕೂ ನಡುವಿನ ಕೂದಲೆಳೆಯ ಅಂತರ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ, ಅದರೊಂದಿಗೆ ದಕ್ಷತೆಯೂ ಸರ್ಜ್ ಗೆರೆಯೂ ಜಾಗ ಬದಲಿಸುತ್ತವೆ. ಇದನ್ನೆಲ್ಲ ಸೇರಿಸಿದರೆ ಗಡುವು ತಪ್ಪುತ್ತದೆ, ಬಿಟ್ಟರೆ ಉತ್ತರ ತಪ್ಪುತ್ತದೆ. ಏನನ್ನು ಬಿಡಬಹುದು ಎಂದು ನಿರ್ಧರಿಸುವುದರಲ್ಲೇ ಈ ವಿದ್ಯೆಯ ಜಾಣ್ಮೆ ಇರುವುದು. ಆ ನಿರ್ಧಾರ ಯಾವ ಕಂಪ್ಯೂಟರಿನಿಂದಲೂ ಬರುವುದಿಲ್ಲ, ಎಂಜಿನ್ನನ್ನು ಅಳೆದವರಿಂದ ಬರಬೇಕು.

ಕ್ಲೀವ್‌ಲ್ಯಾಂಡಿನ ಕೆಲಸ

1970ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿದ್ದ ನಾಸಾದ ಲೂಯಿಸ್ ಸಂಶೋಧನಾ ಕೇಂದ್ರ (ಇಂದಿನ ಗ್ಲೆನ್ ಕೇಂದ್ರ) ಈ ಕೆಲಸಕ್ಕೆ ದೊಡ್ಡ ಅಡಿಪಾಯ ಹಾಕಿತು. ಎಫ್-15 ಯುದ್ಧವಿಮಾನದ ಎಫ್100 ಎಂಜಿನ್ ಆಗ ಹೊಸದು, ಕಂಪ್ರೆಸರ್ ಉಸಿರುಗಟ್ಟುವ ತೊಂದರೆಯಿಂದ ಹೆಸರು ಕೆಡಿಸಿಕೊಂಡಿತ್ತು. ಅದರ ನೈಜ ಸಮಯದ ಮಾದರಿಯನ್ನು ಲೂಯಿಸ್ ಕೇಂದ್ರದವರು 1975ರ ಹೊತ್ತಿಗೆ ಸಿದ್ಧಪಡಿಸಿದರು.

ಆಗಿನ ಡಿಜಿಟಲ್ ಕಂಪ್ಯೂಟರುಗಳಿಗೆ ಒಂಟಿಯಾಗಿ ಆ ವೇಗ ಎಟುಕುತ್ತಿರಲಿಲ್ಲ. ಅದೇ ಕೇಂದ್ರ ಅದೇ ವರ್ಷ ಹೊರತಂದ ಡೈನ್‌ಜೆನ್ ಎಂಬ ಡಿಜಿಟಲ್ ಪ್ರೋಗ್ರಾಂ ಎಂಜಿನ್ನಿನ ಏರಿಳಿತವನ್ನು ಲೆಕ್ಕ ಹಾಕುತ್ತಿತ್ತಾದರೂ ಗಡಿಯಾರದ ಜೊತೆ ಓಡುವಂಥದಾಗಿರಲಿಲ್ಲ. ಹಾಗಾಗಿ ಎಫ್100ಕ್ಕೆ ಮಿಶ್ರ ಕಂಪ್ಯೂಟರ್ ಬಳಸಿದರು. ಮ್ಯಾಪ್ ನೋಡಿ ಸಂಖ್ಯೆ ತೆಗೆಯುವ ಕೆಲಸ ಡಿಜಿಟಲ್ ಭಾಗದ್ದು. ವೇಗ, ಒತ್ತಡಗಳನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತ ಹೋಗುವ ಕೆಲಸ ಅನಲಾಗ್ ಭಾಗದ್ದು. ಅಲ್ಲಿ ಎಂಜಿನ್ನಿನ ವೇಗವೆಂದರೆ ಒಂದು ವೋಲ್ಟೇಜು. ವೋಲ್ಟೇಜಿಗೆ ಲೆಕ್ಕದ ಹೆಜ್ಜೆಗಳಿಲ್ಲ, ಅದು ಎಡೆಬಿಡದೆ ಹರಿಯುತ್ತದೆ. ಹೊಸ ಬಗೆಯ ನಿಯಂತ್ರಣ ವಿಧಾನವೊಂದನ್ನು ಈ ಮಾದರಿಯ ಮೇಲೆ ಮೊದಲು ಪಳಗಿಸಿ, ಆಮೇಲೆ ಎತ್ತರದ ಗಾಳಿಯನ್ನು ಕೃತಕವಾಗಿ ಸೃಷ್ಟಿಸುವ ಕೊಠಡಿಯಲ್ಲಿ ನಿಜವಾದ ಎಫ್100 ಮೇಲೆ ಪರೀಕ್ಷಿಸಿದರು. ಮಾದರಿಯೂ ಪರೀಕ್ಷಾ ಕೊಠಡಿಯೂ ಒಂದೇ ಆವರಣದಲ್ಲಿದ್ದವು ಎಂಬುದನ್ನು ಓದುಗರು ನೆನಪಿಡಬೇಕು; ಮುಂದೆ ನಮ್ಮ ಕತೆಗೂ ಅದು ಬೇಕಾಗುತ್ತದೆ.

ಸಿಮ್ಯುಲೇಟರ್ ಹೇಳಿದ್ದೊಂದು, ಆಕಾಶ ತೋರಿಸಿದ್ದೊಂದು

1989ರ ಜುಲೈ 19. ಡೆನ್ವರ್‌ನಿಂದ ಷಿಕಾಗೊಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸ್‌ನ 232ನೇ ವಿಮಾನ, ಡಿಸಿ-10, 296 ಜನ. ಬಾಲದಲ್ಲಿದ್ದ ಎಂಜಿನ್ನಿನ ಫ್ಯಾನ್ ಚಕ್ರ ಒಡೆದು ಚೂರುಗಳು ಮೂರೂ ಹೈಡ್ರಾಲಿಕ್ ಕೊಳವೆ ವ್ಯವಸ್ಥೆಗಳನ್ನು ಹಾಳುಮಾಡಿದವು. ವಿಮಾನ ತಿರುಗಿಸಲು, ಏರಿಸಲು, ಇಳಿಸಲು ಯಾವ ಸಾಧನವೂ ಉಳಿಯಲಿಲ್ಲ. ಉಳಿದಿದ್ದು ರೆಕ್ಕೆಗಳ ಕೆಳಗಿನ ಎರಡು ಎಂಜಿನ್ನುಗಳ ಥ್ರಾಟಲ್ ಮಾತ್ರ. ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ಸಂಗಡಿಗರು, ಪ್ರಯಾಣಿಕರಾಗಿ ಬಂದಿದ್ದ, ಪೈಲಟ್‌ಗಳಿಗೆ ತರಬೇತಿ ಕೊಡುವ ಡೆನ್ನಿ ಫಿಚ್ ಅವರ ನೆರವಿನಿಂದ, ಎಡದ ಎಂಜಿನ್ನಿಗೆ ಒಂದಿಷ್ಟು, ಬಲದ್ದಕ್ಕೆ ಒಂದಿಷ್ಟು ಶಕ್ತಿ ಕೊಡುತ್ತ ವಿಮಾನವನ್ನು ಸೂ ಸಿಟಿಯ ರನ್‌ವೇವರೆಗೆ ತಂದರು. 112 ಜನ ಸತ್ತರು. 184 ಜನ ಬದುಕಿದರು.

ಥ್ರಾಟಲ್‌ನಿಂದಲೇ ವಿಮಾನ ನಡೆಸುವಾಗ ಎಂಜಿನ್ನಿನ ನಿಧಾನ ಜೀವಕ್ಕೇ ಕುತ್ತಾಗುತ್ತದೆ. ಮೂಗು ಕೆಳಗಿಳಿಯುತ್ತಿದೆ ಎಂದು ಶಕ್ತಿ ಕೊಟ್ಟರೆ, ಅದು ಬರುವ ಹೊತ್ತಿಗೆ ವಿಮಾನ ತಾನೇ ಮೇಲೇಳಲು ಶುರುಮಾಡಿರುತ್ತದೆ. ಈ ಕೆಲಸವನ್ನು ಮನುಷ್ಯನ ಕೈಯಿಂದ ಕಂಪ್ಯೂಟರಿಗೆ ಒಪ್ಪಿಸಬಹುದೇ ಎಂಬ ಪ್ರಶ್ನೆಯನ್ನು ನಾಸಾದ ಡ್ರೈಡನ್ ಕೇಂದ್ರದ ಬಿಲ್ ಬರ್ಚಮ್ ಕೈಗೆತ್ತಿಕೊಂಡರು. ಮೊದಲು ಸಿಮ್ಯುಲೇಟರ್. ಅದರಲ್ಲಿ ಎಫ್-15ನ್ನು ಥ್ರಾಟಲ್ ಮಾತ್ರದಿಂದ ಇಳಿಸಲು ಪೈಲಟ್‌ಗಳಿಗೆ ಸಾಧ್ಯವಾಯಿತು. ಆದರೆ ನಿಜವಾದ ಎಫ್-15ನ್ನು ಆಕಾಶದಲ್ಲಿ ಹಾಗೆ ನಡೆಸಲು ಹೋದಾಗ ಅದು ತೀರಾ ಕಷ್ಟವಾಯಿತು. ಎಂಜಿನ್ನಿನ ಶಕ್ತಿ ಬದಲಾದಾಗ ಗಾಳಿ ಒಳಹೋಗುವ ಬಾಯಿಯ ಸುತ್ತ ಹರಿವು ಬದಲಾಗುತ್ತದೆ, ಅದು ವಿಮಾನದ ಮೂಗನ್ನೂ ಅಲುಗಾಡಿಸುತ್ತದೆ. ಸಿಮ್ಯುಲೇಟರಿನಲ್ಲಿ ಅದು ಸರಿಯಾಗಿ ಸೇರಿರಲಿಲ್ಲ. ಹಾರಾಟದಲ್ಲಿ ಅಳೆದದ್ದನ್ನು ಮಾದರಿಗೆ ಸೇರಿಸಿದ ಮೇಲೆಯೇ ಎರಡೂ ಹತ್ತಿರ ಬಂದವು.

1993ರ ಏಪ್ರಿಲ್ 21ರಂದು ಗೋರ್ಡನ್ ಫುಲ್ಲರ್ಟನ್ ಎಂಜಿನ್ ಶಕ್ತಿಯನ್ನು ಮಾತ್ರ ಬಳಸುವ ಕಂಪ್ಯೂಟರ್ ನಿಯಂತ್ರಣದಲ್ಲಿ ಎಫ್-15ನ್ನು ನೆಲಕ್ಕಿಳಿಸಿದರು. 1995ರ ಆಗಸ್ಟ್ 29ರಂದು ದೊಡ್ಡ ಪ್ರಯಾಣಿಕ ವಿಮಾನ ಎಂಡಿ-11ನ್ನೂ ಹಾಗೆಯೇ ಇಳಿಸಿದರು. ನೈಜ ಸಮಯದ ಮಾದರಿಯ ಶಕ್ತಿಯೂ ಮಿತಿಯೂ ಈ ಒಂದೇ ಘಟನೆಯಲ್ಲಿವೆ ಎಂದು ನನಗನ್ನಿಸುತ್ತದೆ. ಸಿಮ್ಯುಲೇಟರ್ ಇಲ್ಲದಿದ್ದರೆ ಆ ಪ್ರಯತ್ನ ಶುರುವಾಗುತ್ತಲೇ ಇರಲಿಲ್ಲ. ಸಿಮ್ಯುಲೇಟರನ್ನೇ ಪೂರ್ತಿ ನಂಬಿದ್ದರೆ ಅದು ಸಾವಿನಲ್ಲಿ ಮುಗಿಯಬಹುದಿತ್ತು.

ವಿಮಾನದ ಜೊತೆಗೇ ಹಾರುವ ಮಾದರಿ

ಅದೇ ಎಫ್-15ರಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಎಂಜಿನ್ನಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಬಿಡದೆ ವಿಮಾನದೊಳಗಿನ ಕಂಪ್ಯೂಟರಿಗೇ ಹಾಕಿದರು. ಒಂದೇ ಕಾರ್ಖಾನೆಯಿಂದ ಬಂದ ಎರಡು ಎಂಜಿನ್ನುಗಳೂ ಒಂದೇ ಥರ ಇರುವುದಿಲ್ಲ. ಬಳಸುತ್ತ ಹೋದಂತೆ ಅಲಗು ಸವೆಯುತ್ತದೆ, ಮಣ್ಣು ಮೆತ್ತುತ್ತದೆ. ಮಾದರಿ ಹೇಳುವ ತಾಪಕ್ಕೂ ಸೆನ್ಸರ್ ಹೇಳುವ ತಾಪಕ್ಕೂ ಬರುವ ವ್ಯತ್ಯಾಸವನ್ನು ಕಾಲ್ಮನ್ ಫಿಲ್ಟರ್ ಎಂಬ ಗಣಿತದಿಂದ ಸೋಸಿ, ಎಂಜಿನ್ನಿನ ಯಾವ ಭಾಗ ಎಷ್ಟು ಸೊರಗಿದೆ ಎಂದು ಅಂದಾಜು ಮಾಡುತ್ತಾರೆ. ಹಾರುತ್ತಿರುವಾಗಲೇ ಆ ಅಂದಾಜಿಗೆ ತಕ್ಕಂತೆ ಎಂಜಿನ್ನನ್ನು ಹದಗೊಳಿಸಬಹುದು. 'ಡಿಜಿಟಲ್ ಟ್ವಿನ್' ಎಂದು ಇಂದು ಕೇಳಿಬರುವ ಮಾತಿನ ಬೇರು ಇಂಥ ಕೆಲಸದಲ್ಲಿದೆ.

ಬೆಂಗಳೂರಿನ ಕಾಲೇಜುಗಳಲ್ಲಿ ಯಂತ್ರಕಲಿಕೆ ಓದುವ ಬಹಳ ಹುಡುಗ ಹುಡುಗಿಯರು ನಾಸಾದ ಟರ್ಬೋಫ್ಯಾನ್ ದತ್ತಾಂಶದ ಮೇಲೆ ಪ್ರಾಜೆಕ್ಟ್ ಮಾಡಿರುತ್ತಾರೆ. 2008ರಲ್ಲಿ ಸ್ಪರ್ಧೆಯೊಂದಕ್ಕಾಗಿ ಸಿದ್ಧಪಡಿಸಿದ ಆ ದತ್ತಾಂಶದಲ್ಲಿ 21 ಸೆನ್ಸರುಗಳ ಸಂಖ್ಯೆಗಳಿವೆ. ಎಂಜಿನ್ ಇನ್ನೆಷ್ಟು ಹಾರಾಟ ಬಾಳುತ್ತದೆ ಎಂದು ಹೇಳಬೇಕು. ಅವರಿಗೆ ಒಂದು ಮಾತು ಹೇಳಬೇಕು: ಅದರಲ್ಲಿ ನಿಜವಾಗಿ ಹಾರಿದ ಎಂಜಿನ್ ಒಂದೂ ಇಲ್ಲ. ಸಿ-ಮ್ಯಾಪ್ಸ್ ಎಂಬ, 90,000 ಪೌಂಡ್ ತಳ್ಳುಬಲದ ವರ್ಗದ ಟರ್ಬೋಫ್ಯಾನಿನ ಮಾದರಿ ಆ ಸಂಖ್ಯೆಗಳನ್ನು ಹುಟ್ಟಿಸಿದೆ. ಕಲಿಯಲು ಬಹಳ ಒಳ್ಳೆಯ ಸಾಮಗ್ರಿ ಅದು. ಅದರ ಮೇಲೆ ಗೆದ್ದ ವಿಧಾನ ನಿಜವಾದ ಎಂಜಿನ್ನಿನ ಮೇಲೂ ಗೆಲ್ಲುತ್ತದೆ ಎನ್ನಲು ಮಾತ್ರ ಬೇರೆ ಸಾಕ್ಷಿ ಬೇಕು.

ವಿದ್ಯುತ್ ಸ್ಥಾವರಗಳಿಗೂ ಇದೇ ವಿದ್ಯೆ ಬೇಕು. ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟ್ ಅನಿಲ ಸ್ಥಾವರವಿದೆ. ಇಂಥ ಸ್ಥಾವರದ ಮೇಲಿನ ಹೊರೆ ಒಮ್ಮೆಲೇ ಕಳಚಿದರೆ ಟರ್ಬೈನಿನ ವೇಗ ಕ್ಷಣದಲ್ಲಿ ಏರುತ್ತದೆ, ಇಂಧನವನ್ನು ಅಷ್ಟೇ ಬೇಗ ಕಡಿತಗೊಳಿಸಬೇಕು, ಬೆಂಕಿ ಮಾತ್ರ ಆರಬಾರದು. ಜನರಲ್ ಎಲೆಕ್ಟ್ರಿಕ್‌ನ ರೋವೆನ್ 1983ರಲ್ಲಿ ಪ್ರಕಟಿಸಿದ ಸರಳ ಮಾದರಿಯನ್ನು ಗ್ರಿಡ್ ಎಂಜಿನಿಯರುಗಳು ಈಗಲೂ ಬಳಸುತ್ತಾರೆ. ಕಂಪ್ರೆಸರ್ ಮ್ಯಾಪ್ ಕೂಡ ಇಲ್ಲದ, ಕೆಲವೇ ಸಮೀಕರಣಗಳ ಮಾದರಿ. ಗ್ರಿಡ್ಡಿನ ಪ್ರಶ್ನೆಗೆ ಬಹಳ ಕಡೆ ಅಷ್ಟು ಸಾಕು.

ಕಬಿನಿ, ಕಾವೇರಿ ಮತ್ತು ಮಾಸ್ಕೋ

ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿರುವ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ, ಜಿಟಿಆರ್‌ಇ, ನಮ್ಮ ದೇಶದ ಯುದ್ಧವಿಮಾನದ ಎಂಜಿನ್ ಕನಸಿನ ಮನೆ. ಅಲ್ಲಿ ರೂಪುಗೊಂಡ ಎಂಜಿನ್ನಿಗೆ ಕಾವೇರಿ ಎಂದು ಹೆಸರು. ಅದರ ನಡುವಿನ ಕೋರ್‌ಗೆ ಕಬಿನಿ. ಕಬಿನಿ 1995ರಲ್ಲಿ ಮೊದಲು ಓಡಿತು, ಇಡೀ ಕಾವೇರಿ 1996ರಲ್ಲಿ. ಅದಕ್ಕೆ ತನ್ನದೇ ಡಿಜಿಟಲ್ ನಿಯಂತ್ರಕವೂ ಸಿದ್ಧವಾಯಿತು. ಅದರ ಹೆಸರು ಕಾಡೆಕು.

ಎಂಜಿನ್ ಬೆಂಗಳೂರಿನಲ್ಲೇ ಹುಟ್ಟಿದರೂ ಎತ್ತರದ ಪರೀಕ್ಷೆಗೆ ರಷ್ಯಾಕ್ಕೆ ಹೋಗಬೇಕಾಯಿತು. 15 ಕಿಲೋಮೀಟರ್ ಎತ್ತರದ ತೆಳು ಗಾಳಿಯನ್ನು ಸೃಷ್ಟಿಸಿ ಇಡೀ ಎಂಜಿನ್ನನ್ನು ಓಡಿಸುವ ಕೊಠಡಿ ನಮ್ಮಲ್ಲಿರಲಿಲ್ಲ. 2010ರ ನವೆಂಬರಿನಲ್ಲಿ ಮಾಸ್ಕೋ ಬಳಿಯ ಗ್ರೋಮೊವ್ ಸಂಸ್ಥೆಯಲ್ಲಿ ಐಎಲ್-76 ವಿಮಾನದ ನಾಲ್ಕು ಎಂಜಿನ್ನುಗಳಲ್ಲಿ ಒಂದರ ಜಾಗದಲ್ಲಿ ಕಾವೇರಿಯನ್ನು ಕೂರಿಸಿ ಹಾರಿಸಿದರು. ಅಷ್ಟರೊಳಗೆ, 2008ರಲ್ಲೇ, ಕಾವೇರಿಯನ್ನು ತೇಜಸ್ ಯೋಜನೆಯಿಂದ ಬಿಡಿಸಲಾಗಿತ್ತು. ತೇಜಸ್ ಅಮೆರಿಕದ ಎಫ್404 ಎಂಜಿನ್ನಿನಲ್ಲೇ ಹಾರುತ್ತಿದೆ.

ಮಾದರಿಯೂ ಪರೀಕ್ಷಾ ಕೊಠಡಿಯೂ ಒಂದೇ ಆವರಣದಲ್ಲಿದ್ದ ಕ್ಲೀವ್‌ಲ್ಯಾಂಡಿನ ಮಾತು ಇಲ್ಲಿ ಬರುತ್ತದೆ. ಬೆಂಗಳೂರಿನಲ್ಲಿ ಎಂಜಿನ್ ಗಣಿತ ಬಲ್ಲವರಿಗೆ ಬರವಿಲ್ಲ. 2000ರಲ್ಲಿ ವೈಟ್‌ಫೀಲ್ಡ್‌ನಲ್ಲಿ ತೆರೆದ ಜಿಇಯ ಜಾನ್ ಎಫ್. ವೆಲ್ಚ್ ಕೇಂದ್ರದಿಂದ ಹಿಡಿದು ಜಗತ್ತಿನ ದೊಡ್ಡ ಎಂಜಿನ್ ಕಂಪನಿಗಳ ಲೆಕ್ಕದ ಕೆಲಸ ಈ ಊರಿನಲ್ಲಿ ನಡೆಯುತ್ತದೆ. ಎಚ್‌ಎಎಲ್ ತನ್ನದೇ ಆದ ಎಚ್‌ಟಿಎಫ್‌ಇ-25 ಎಂಜಿನ್ನನ್ನು 2015ರ ಡಿಸೆಂಬರಿನಲ್ಲಿ ಓಡಿಸಿತು. ನಮಗೆ ಕಡಿಮೆ ಇರುವುದು ಅಳತೆ. ಒಂದು ಮ್ಯಾಪ್ ತುಂಬಲು ಕಂಪ್ರೆಸರನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿ, ಪ್ರತಿ ವೇಗದಲ್ಲೂ ಬೇಕೆಂದೇ ಸರ್ಜ್ ಅಂಚಿಗೆ ತಳ್ಳಿ, ಒಂದೊಂದು ಬಿಂದುವನ್ನೂ ಬರೆದುಕೊಳ್ಳಬೇಕು. ಅದಕ್ಕೆ ಹಣ ಬೇಕು, ಹಾಳಾದರೂ ಸರಿ ಎನ್ನಬಹುದಾದ ಯಂತ್ರಾಂಶ ಬೇಕು, ವರ್ಷಗಟ್ಟಲೆ ತಾಳ್ಮೆ ಬೇಕು. ವಿದೇಶಿ ಕಂಪನಿ ತನ್ನ ಎಂಜಿನ್ನನ್ನು ಮಾರುತ್ತದೆ. ಆ ಎಂಜಿನ್ನಿನ ಮ್ಯಾಪ್ ಮಾತ್ರ ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ. ಹೊಸ ಯುದ್ಧವಿಮಾನದ ಎಂಜಿನ್ನಿನ ಚರ್ಚೆ ಮತ್ತೆ ಬಿಸಿಯಾಗಿರುವ ಈ ಹೊತ್ತಿನಲ್ಲಿ ತಂತ್ರಜ್ಞಾನ ವರ್ಗಾವಣೆಯ ಮಾತು ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಇದು: ಮ್ಯಾಪ್ ಯಾರದು, ಪರೀಕ್ಷಾ ಕೊಠಡಿ ಎಲ್ಲಿ?

ಸ್ಟಾರ್ಟ್ ಮಾಡುವುದೇ ಎಲ್ಲಕ್ಕಿಂತ ಕಷ್ಟ

ಇಷ್ಟೆಲ್ಲ ಆದ ಮೇಲೂ ಮಾದರಿಗಳು ತಡವರಿಸುವ ಜಾಗವೊಂದಿದೆ. ಅದು ನಿಂತ ಎಂಜಿನ್ನನ್ನು ಸ್ಟಾರ್ಟ್ ಮಾಡುವ ಹೊತ್ತು. ಮ್ಯಾಪ್‌ಗಳನ್ನು ಸಾಮಾನ್ಯವಾಗಿ ಅಳೆಯುವುದು ಎಂಜಿನ್ ತನ್ನ ಕಾಲ ಮೇಲೆ ತಾನು ನಿಲ್ಲುವ ವೇಗದಿಂದ ಮೇಲಕ್ಕೆ. ಅದಕ್ಕಿಂತ ಕೆಳಗೆ ಸ್ಟಾರ್ಟರ್ ತಿರುಗಿಸುತ್ತಿರುವಾಗ ಗಾಳಿಯ ಹರಿವು ಬಹಳ ಕಡಿಮೆ, ಅಳೆಯುವುದು ಕಷ್ಟ, ಕಂಪ್ರೆಸರಿನ ಕೆಲವು ಭಾಗ ಟರ್ಬೈನಿನಂತೆಯೇ ವರ್ತಿಸಬಹುದು. ಕಿಡಿ ಹಾರಿದ ಮೇಲೆ ಬೆಂಕಿ ಹತ್ತುತ್ತದೆಯೋ ಇಲ್ಲವೋ, ಹತ್ತಿದರೂ ಸುತ್ತಲೂ ಸಮನಾಗಿ ಹಬ್ಬುತ್ತದೆಯೋ ಎಂಬುದು ಇಂಧನದ ಹನಿಗಳ ಗಾತ್ರ, ತಾಪ, ಗಾಳಿಯ ಸಾಂದ್ರತೆಗಳ ಮೇಲೆ ನಿಂತಿದೆ. ಎಂಜಿನಿಯರುಗಳು ಇಲ್ಲಿ ಮ್ಯಾಪ್‌ನ ಗೆರೆಗಳನ್ನು ಅಳೆದ ಜಾಗದಿಂದ ಕೆಳಕ್ಕೆ ಎಳೆದುಕೊಂಡು, ಸ್ಟಾರ್ಟ್ ಪರೀಕ್ಷೆಗಳ ದಾಖಲೆಗೆ ಹೊಂದಿಸಿಕೊಳ್ಳುತ್ತಾರೆ.

ಸಮುದ್ರಮಟ್ಟದಿಂದ ಸುಮಾರು 3,250 ಮೀಟರ್ ಎತ್ತರದ ಲೇಹ್ ವಿಮಾನ ನಿಲ್ದಾಣದಲ್ಲಿ, ರಾತ್ರಿಯೆಲ್ಲ ಹೆಪ್ಪುಗಟ್ಟುವ ಚಳಿಯಲ್ಲಿ ನಿಂತ ವಿಮಾನವನ್ನು ಬೆಳಿಗ್ಗೆ ಎಬ್ಬಿಸುವುದು ಇಂಥ ಪರೀಕ್ಷೆಗಳಲ್ಲೊಂದು. ಎಣ್ಣೆ ಗಟ್ಟಿಯಾಗಿರುತ್ತದೆ, ಗಾಳಿ ತೆಳುವಾಗಿರುತ್ತದೆ, ಬ್ಯಾಟರಿ ಸೊರಗಿರುತ್ತದೆ. ಹಿಮಾಲಯದ ಗಡಿಯಲ್ಲಿ ಹಾರುವ ಹೆಲಿಕಾಪ್ಟರುಗಳಿಗೂ ಯುದ್ಧವಿಮಾನಗಳಿಗೂ ಇದು ನಿತ್ಯದ ಪರಿಸ್ಥಿತಿ. ಅಲ್ಲಿನ ಒಂದೊಂದು ಸ್ಟಾರ್ಟ್‌ನಲ್ಲಿಯೂ ದಂಡದ ವೇಗ, ನಿಷ್ಕಾಸದ ತಾಪ, ಇಂಧನದ ಹರಿವುಗಳನ್ನು ಕ್ಷಣಕ್ಷಣಕ್ಕೆ ದಾಖಲಿಸಿ ಬೆಂಗಳೂರಿಗೆ ತಂದರೆ, ಮೇಜಿನ ಮೇಲಿನ ಮಾದರಿಯ ಕೆಳಭಾಗದ ಖಾಲಿ ಜಾಗ ಒಂದೊಂದು ಬಿಂದುವಾಗಿ ತುಂಬುತ್ತ ಬರುತ್ತದೆ.